ಹತ್ತು ಕೊಡ ನೀರಿನ ಕಾಫಿ

ಬಿಲ್ಲೇ ಬಾರದ ವಸ್ತುವಿಗೆ ಲೆಕ್ಕ ಇಡಬೇಕೆ? 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಯ ಕರೆಂಟ್ ಬಿಲ್ಲಿನಲ್ಲಿ ಸೊನ್ನೆ ಬಂದು ಕೂತಿದೆ. "ಅತ್ತೆ, ಈ ಕಾಫಿ ಮೇಕರ್ ಮಹಾ ಎಷ್ಟು ಕರೆಂಟ್ ತಿನ್ನುತ್ತೆ?" ಎಂದು ಸೊಸೆ ಕೇಳಿದಾಗ ದುಡ್ಡಿನ ಉತ್ತರವಂತೂ ನನ್ನಲ್ಲಿರಲಿಲ್ಲ. ವಿಜ್ಞಾನದ ಟೀಚರಿಗೆ ಬೇರೆ ಉತ್ತರವಿರುತ್ತದಲ್ಲ!

ಯಂತ್ರದ ಬೆನ್ನಿಗೆ 800 ವ್ಯಾಟ್ ಎಂದು ಬರೆದಿದೆ. ಜಗ್ ತುಂಬಲು 10 ನಿಮಿಷ. ಅಂದರೆ ಯೂನಿಟ್ಟಿನ ಎಂಟನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಇದರ ಬಗ್ಗೆ ನನ್ನ ತಕರಾರಿಲ್ಲ. ಒಲೆಯ ಮೇಲಿಟ್ಟರೂ ನೀರು ಕೇಳುವ ಶಾಖ ಅಷ್ಟೇ; ಗ್ಯಾಸಿನ ಉರಿಯಲ್ಲಂತೂ ಒಂದಷ್ಟು ಪಾತ್ರೆಯ ಪಕ್ಕದಿಂದಲೇ ಹಾರಿಹೋಗುತ್ತದೆ. ಏಳೂವರೆಯ ಬಸ್ಸಿಗೆ ಓಡುವ ಹುಡುಗಿ ಒಲೆಯ ಮುಂದೆ ನಿಂತು ಡಿಕಾಕ್ಷನ್ನಿಗೆ ಕಾಯಬೇಕಾಗಿಲ್ಲ. ಮೂವತ್ತು ವರ್ಷ ಕಾದವಳು ನಾನು. ಇದನ್ನೂ ದುಂದು ಎನ್ನುವವರು ಬೆಳಗಿನ ಹೊತ್ತು ಅಡುಗೆಮನೆಯಲ್ಲಿ ನಿಂತವರಲ್ಲ.

ತಕರಾರಿರುವುದು ಜಗ್ಗಿನ ಅಡಿಯ ಬಿಸಿ ತಟ್ಟೆಯ ಮೇಲೆ. ಕುಡಿಯುವವರು ಕುಡಿದು ಹೋದ ಮೇಲೂ, ತಡವಾಗಿ ಏಳುವವರಿಗೆಂದು ಅದು ಕಾಯುತ್ತಲೇ ಇರುತ್ತದೆ. ಸರಾಸರಿ 60–70 ವ್ಯಾಟ್ ಎಂದು ಹಿಡಿದರೂ ಎರಡು ಗಂಟೆಯಲ್ಲಿ ಕಾಫಿ ಮಾಡಿದಷ್ಟೇ ಕರೆಂಟು ಮತ್ತೆ ಹೋಯಿತು. ಕಾಫಿ ಕಹಿಯಾಗುವುದು ಬೇರೆ.

ನನ್ನ ತವರು ಸಾಗರದ ಕಡೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಜ್ಜನ ಅಡಿಕೆ ತೋಟ ಮುಳುಗಡೆಯಾಯಿತು. ನಾನು ಅದನ್ನು ನೋಡಿದವಳಲ್ಲ, ಕೇಳಿ ಬೆಳೆದವಳು. ಅಲ್ಲಿಯ ನೀರು 400 ಮೀಟರಿಗೂ ಹೆಚ್ಚು ಕೆಳಗಿರುವ ಶರಾವತಿ ವಿದ್ಯುದಾಗಾರಕ್ಕೆ ಧುಮುಕಿದರೆ, ಸುಮಾರು 1000 ಲೀಟರಿಗೆ ಒಂದು ಯೂನಿಟ್. ಒಂದು ಜಗ್ ಕಾಫಿಗೆ ಹೆಚ್ಚುಕಡಿಮೆ ಹತ್ತು ಕೊಡ ನೀರು. ಬಿಸಿ ತಟ್ಟೆಗೆ ಇನ್ನೂ ಹತ್ತು ಕೊಡ. ನಮ್ಮ ಮನೆಗೆ ಬರುವುದು ಶರಾವತಿಯ ಕರೆಂಟೇ ಎಂದು ಹೇಳಲಾಗದು ನಿಜ. ರಾಯಚೂರಿನ ಕಲ್ಲಿದ್ದಲು, ಪಾವಗಡದ ಬಿಸಿಲು ಎಲ್ಲವೂ ಅದೇ ತಂತಿಯಲ್ಲಿ ಬೆರೆತು ಹರಿಯುತ್ತವೆ. ಆದರೆ ಎಲ್ಲಿಯದಾದರೂ ಅದು ಯಾರದೋ ನೆಲದ ಮೇಲಿಂದಲೇ ಬಂದಿರುತ್ತದೆ.

"ತಟ್ಟೆ ಆರಿಸಿದರೆ ನಿನ್ನ ಅಜ್ಜನ ತೋಟ ಮೇಲೆ ಬರುತ್ತದೇನಮ್ಮ?" ಎಂದ ಮಗ. ಬರುವುದಿಲ್ಲ. ಒಂದು ಎಕರೆಯೂ ಬರುವುದಿಲ್ಲ. ಹಾಗಾದರೆ ಆರಿಸುವುದೇಕೆ? ನನಗೆ ತೋರುವುದಿಷ್ಟು: ದುಡ್ಡು ಕಟ್ಟುತ್ತಿದ್ದಾಗ, ಕೊಟ್ಟೆವಲ್ಲ, ಮುಗಿಯಿತು ಎನ್ನುವ ನೆಪವೊಂದು ಎಲ್ಲರಿಗೂ ಇತ್ತು. ಬಿಲ್ಲು ಸೊನ್ನೆಯಾದ ಮೇಲೆ ಆ ನೆಪವೂ ಇಲ್ಲ. ಕೊಟ್ಟವರು ಯಾರು, ಪಡೆದವರು ಯಾರು ಎಂಬುದು ಈಗ ನೇರವಾಗಿ ಕಣ್ಣೆದುರಿಗೆ ಬಂದು ನಿಂತಿದೆ. ಅವಸರದಲ್ಲಿ ಹೊರಟವಳಿಗೆ ಹತ್ತು ಕೊಡ ಖರ್ಚಾದರೆ ಅಜ್ಜ ಬೇಡವೆನ್ನುತ್ತಿರಲಿಲ್ಲ, ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸಿದವರಲ್ಲ ಅವರು. ಹಾಸಿಗೆಯಲ್ಲಿ ಹೊರಳುತ್ತಿರುವವನ ಹತ್ತು ಕೊಡಕ್ಕೆ ಏನೆನ್ನುತ್ತಿದ್ದರೋ.

ಈಗ ಉಳಿದ ಕಾಫಿ ಫ್ಲಾಸ್ಕಿಗೆ ಹೋಗುತ್ತದೆ. ಮಗ ಗೊಣಗುತ್ತಾನೆ, ಬಗ್ಗಿಸಿಕೊಂಡು ಕುಡಿಯುತ್ತಾನೆ.