ದೀಪದ ಹಿಂದಿನ ಲೆಕ್ಕ

ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಮಕ್ಕಳು ದೀಪ ಹಿಡಿದು ಸಾಲಾಗಿ ನಿಂತು ನೈಟಿಂಗೇಲ್ ಹೆಸರಿನ ಪ್ರತಿಜ್ಞೆ ಸ್ವೀಕರಿಸುತ್ತಾರೆ. ಅದು ಫ್ಲಾರೆನ್ಸ್ ನೈಟಿಂಗೇಲ್ ಬರೆದದ್ದಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಜೊತೆಗಾರರು ರಚಿಸಿದ್ದು. ಚಿತ್ರಗಾರರು ಆಕೆಯ ಕೈಗಿತ್ತ ಮೂತಿಯುಳ್ಳ ಎಣ್ಣೆದೀಪವೂ ಕಲ್ಪನೆಯೇ. ಕ್ರಿಮಿಯಾ ಯುದ್ಧದ ಕಾಲಕ್ಕೆ ತುರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೈನಿಕ ಆಸ್ಪತ್ರೆಯಲ್ಲಿ ಆಕೆ ಹಿಡಿದು ನಡೆದದ್ದು, ಒಳಗೆ ಮೇಣದಬತ್ತಿ ಉರಿಯುವ, ಮಡಚಿ ಎತ್ತಿಡಬಹುದಾದ ತುರ್ಕಿ ಲಾಟೀನು. ಇದೆಲ್ಲ ತಿಳಿದ ಮೇಲೆ ಆಕೆಯ ಬಗೆಗಿನ ಬೆರಗು ನನ್ನಲ್ಲಿ ಇಮ್ಮಡಿಯಾಯಿತು.

1854ರ ನವೆಂಬರ್‌ನಲ್ಲಿ 38 ಮಂದಿ ಹೆಂಗಸರೊಂದಿಗೆ ಆಕೆ ಸ್ಕುಟಾರಿಗೆ ಬಂದಾಗ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ಭೇದಿ, ಕಾಲರಾ, ಟೈಫಸ್‌ನಿಂದ ಸಾಯುತ್ತಿದ್ದರು. ಆಕೆ ಮತ್ತು ಜೊತೆಗಾರ್ತಿಯರು ಬಟ್ಟೆ ಒಗೆಸಿದರು, ಊಟ ಸರಿಪಡಿಸಿದರು, ರಾತ್ರಿಯೆಲ್ಲ ಎಚ್ಚರವಿದ್ದರು. ಆದರೂ ಆ ಚಳಿಗಾಲದಲ್ಲಿ ಸಾವು ಏರುತ್ತಲೇ ಹೋಯಿತು. 1855ರ ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗದವರು ಕಟ್ಟಡದಡಿಯ ಚರಂಡಿ ತೊಳೆಸಿ, ಗೋಡೆಗೆ ಸುಣ್ಣ ಹೊಡೆಸಿ, ಒಳಗೆ ಗಾಳಿಯಾಡುವಂತೆ ಮಾಡಿದ ಮೇಲೆ ಸಾವು ಇಳಿಯಿತು.

ಯುದ್ಧ ಮುಗಿಸಿ ಊರಿಗೆ ಮರಳಿದ ಆಕೆ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಲೆಕ್ಕಕ್ಕೆ ಕೂತಳು. ಯಾವ ಲೆಕ್ಕ? ತನ್ನ ಆಸ್ಪತ್ರೆಯದೂ ಸೇರಿದಂತೆ ಆ ಸೈನ್ಯದ ಸಾವುಗಳ ಲೆಕ್ಕ. ನಾಡೆಲ್ಲ ದೇವತೆಯೆಂದು ಕೊಂಡಾಡುತ್ತಿದ್ದ ಹೊತ್ತಿನಲ್ಲಿ! ನನಗೆ ಮೈ ಜುಮ್ಮೆನ್ನುವುದು ಇಲ್ಲೇ. ಆ ಲೆಕ್ಕವನ್ನು ಆಕೆ ದುಂಡನೆಯ ನಕ್ಷೆಯಾಗಿ ಬರೆದಳು. 1858ರಲ್ಲಿ ಅಚ್ಚಾದ ಆ ನಕ್ಷೆಯಲ್ಲಿ ಒಂದೊಂದು ತಿಂಗಳೂ ಒಂದೊಂದು ಹೋಳು. ಗಾಯದಿಂದ ಸತ್ತವರದು ನಡುವಿನ ಸಣ್ಣ ಕೆಂಪು. ತಡೆಯಬಹುದಾಗಿದ್ದ ರೋಗಗಳಿಗೆ ಬಲಿಯಾದವರದು ನೀಲಿ. 1855ರ ಜನವರಿಯ ನೀಲಿ ಎಲ್ಲಕ್ಕಿಂತ ಅಗಲ.

ಇಂದು ತಾಲ್ಲೂಕು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿಯ ಸಿಸ್ಟರ್ ಜ್ವರ, ನಾಡಿ, ಬಿಪಿ ನೋಡಿ ಕೇಸ್ ಶೀಟಿನಲ್ಲಿ ಬರೆಯುತ್ತಾರೆ. ಸೇವೆ, ತ್ಯಾಗ ಎಂದು ವೇದಿಕೆಯಲ್ಲಿ ಹೊಗಳುವವರ ಕಣ್ಣಿಗೆ ಆ ಅಂಕಿಗಳು ಬೀಳುವುದಿಲ್ಲ. ನೀಲಿ ಹೋಳುಗಳ ಕಥೆ ಬಲ್ಲ ಸಿಸ್ಟರಿಗೆ ಮಾತ್ರ ತಾನು ಬರೆಯುತ್ತಿರುವುದು ಏನೆಂದು ಗೊತ್ತಿರುತ್ತದೆ. ವಾರ್ಡಿನ ನಲ್ಲಿಯಲ್ಲಿ ನೀರೇಕೆ ಬರುತ್ತಿಲ್ಲ ಎಂದು ಮೇಲಿನವರನ್ನು ಕೇಳುವ ಧೈರ್ಯವೂ ಅಲ್ಲಿಂದಲೇ ಬಂದೀತು.

ಮನ್ನಣೆ ತಡವಾಗಿ ಸಿಕ್ಕ ಉಪಚಾರಕಿಯರೂ ಇದ್ದಾರೆ. ಜಮೈಕಾದ ಮೇರಿ ಸೀಕೋಲ್ ಅದೇ ಯುದ್ಧಕ್ಕೆ ದಾದಿಯಾಗಿ ಹೋಗಲು ಕೇಳಿ, ಬೇಡವೆನಿಸಿಕೊಂಡು, ಸ್ವಂತ ಖರ್ಚಿನಲ್ಲೇ ಹೊರಟು ಸೈನಿಕರನ್ನು ಉಪಚರಿಸಿದಳು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಅಂಗಳದಲ್ಲಿ ಆಕೆಯ ಪ್ರತಿಮೆ ನಿಂತದ್ದು 2016ರಲ್ಲಿ. ಆಕೆ ಮದ್ದು ಕಲಿತದ್ದು ತಾಯಿಯಿಂದ. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರು ಕಲಿತದ್ದು ಅಜ್ಜಿಯಿಂದ. ಸಾವಿರಾರು ಹೆರಿಗೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಆ ವರ್ಷವೇ ತೀರಿಕೊಂಡರು. ಹೊಟ್ಟೆ ಮುಟ್ಟಿ ಕೂಸು ಮಲಗಿರುವ ಬಗೆ ಹೇಳುತ್ತಿದ್ದ ಇಂಥ ಬೆರಳುಗಳ ಅರಿವನ್ನು ನರ್ಸಿಂಗ್ ವಿದ್ಯಾರ್ಥಿಗಳು ಊರೂರಿಗೆ ಹೋಗಿ, ಉಳಿದಿರುವ ಅಜ್ಜಿಯರ ಪಕ್ಕ ಕೂತು, ಈಗಲೇ ಬರೆದುಕೊಳ್ಳಬೇಕು.