ಶಾಲೆಯ ಪಾಠವೂ ದೇವರ ಸತ್ಯವೂ



ರಾಯಚೂರು ಪಟ್ಟಣದ ಸುತ್ತಣ ಹಳ್ಳಿಗಳಲ್ಲಿಯೂ ದೇವದುರ್ಗ ಮಾನ್ವಿ ಸೀಮೆಯ ಸಭೆಗಳಲ್ಲಿಯೂ ಹತ್ತಿ ಬಿಡಿಸುವ ಕಾಲ ಬಂದಾಗ ಒಂದು ಮಾತು ಕೇಳಬರುವದುಂಟು. ಅದೇನಂದರೆ, "ಮಗುವಿಗೆ ಸತ್ಯವೇದ ಓದುವಷ್ಟು ಅಕ್ಷರ ಬಂದಿತು. ಇನ್ನು ಆರನೆಯ, ಏಳನೆಯ, ಎಂಟನೆಯ ತರಗತಿಗಳಿಂದ ಆಗಬೇಕಾದದ್ದೇನು? ಅವು ಲೋಕದ ವಿದ್ಯೆಗಳು. ಆತ್ಮಕ್ಕೆ ಅವುಗಳಿಂದ ಲಾಭವಿಲ್ಲ." ಈ ಮಾತಿನಲ್ಲಿ ಎರಡು ಸಂಗತಿಗಳು ಕೂಡಿಕೊಂಡಿವೆ. ಒಂದು ಬಡತನ, ಅದು ನಿಜವಾದದ್ದು, ಅದನ್ನು ಯಾರೂ ಹಗುರವಾಗಿ ಎಣಿಸಬಾರದು. ಮತ್ತೊಂದು, ಸಭೆಯಲ್ಲಿ ಕಲಿಯುವ ಸತ್ಯ ಬೇರೆ, ಶಾಲೆಯಲ್ಲಿ ಕಲಿಯುವ ಸತ್ಯ ಬೇರೆ ಎಂಬ ಎಣಿಕೆ. ಈ ಎಣಿಕೆಯನ್ನು ಮೊದಲು ಪರೀಕ್ಷಿಸಿ, ಆಮೇಲೆ ಬಡತನದ ಮಾತಿಗೆ ಬರೋಣ.

ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಮ್ಮ ಮಕ್ಕಳು ಕಲಿಯುವದೇನು? ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಕನ್ನಡ ಮೊದಲಾದ ಭಾಷೆಗಳು. ಒಂದೊಂದನ್ನೇ ತೆಗೆದುಕೊಂಡು ವಿಚಾರಿಸೋಣ.

ಗಣಿತದಲ್ಲಿ ಮಗುವು ಶೇಕಡಾ ಲೆಕ್ಕವನ್ನೂ ಬಡ್ಡಿಯ ಲೆಕ್ಕವನ್ನೂ ಕಲಿಯುತ್ತದೆ. ಒಬ್ಬನು ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿಯಂತೆ 10,000 ರೂಪಾಯಿ ಸಾಲ ತಂದನೆನ್ನೋಣ. ಮೂರು ರೂಪಾಯಿ ಎಂಬ ಮಾತು ಕಿವಿಗೆ ಸಣ್ಣದಾಗಿ ತೋರುವದು. ಲೆಕ್ಕ ಕಲಿತ ಮಗುವಾದರೋ, ತಿಂಗಳಿಗೆ 300, ವರುಷಕ್ಕೆ 3,600 ಎಂದು ಬರೆದು ತೋರಿಸುವದು; ಅಂದರೆ ಮೂರು ವರುಷಗಳೊಳಗೆ ಬಡ್ಡಿಯೇ ಅಸಲನ್ನು ಮೀರುವದು. ಇದಲ್ಲದೆ ಲೆಕ್ಕವು ಮುಖದಾಕ್ಷಿಣ್ಯವನ್ನು ಅರಿಯದು. ಗೌಡನ ಮಗನು ಮಾಡಿದರೂ ಕೂಲಿಯವನ ಮಗಳು ಮಾಡಿದರೂ ಸರಿಯಾದ ಉತ್ತರ ಒಂದೇ. ಮೋಸದ ತ್ರಾಸು ಕರ್ತನಿಗೆ ಅಸಹ್ಯವೆಂದು ಜ್ಞಾನೋಕ್ತಿಗಳ ಪುಸ್ತಕವು ನಮಗೆ ಬೋಧಿಸುತ್ತದಲ್ಲವೇ? ತೂಕ ಸರಿಯೋ ತಪ್ಪೋ ಎಂದು ತಿಳಿಯುವ ವಿದ್ಯೆಯೇ ಗಣಿತ. ಆದದರಿಂದ ಅದು ಆ ಬೋಧನೆಗೆ ಹೊರಗಿನದಲ್ಲ.

ವಿಜ್ಞಾನದಲ್ಲಿ ಮಗುವು ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳ ವಿಷಯ ಓದುತ್ತದೆ. 1854ರಲ್ಲಿ ಲಂಡನ್ ಪಟ್ಟಣದ ಒಂದು ಕೇರಿಯಲ್ಲಿ ವಾಂತಿಭೇದಿಯಿಂದ ನೂರಾರು ಜನರು ಸತ್ತಾಗ, ಜಾನ್ ಸ್ನೋ ಎಂಬ ವೈದ್ಯನು ಮನೆಮನೆಯನ್ನು ವಿಚಾರಿಸಿ, ಸತ್ತವರಲ್ಲಿ ಹೆಚ್ಚಿನವರು ಒಂದೇ ಪಂಪಿನ ನೀರನ್ನು ಕುಡಿದವರೆಂದು ತೋರಿಸಿದನು. ಆ ಪಂಪಿನ ಹಿಡಿಕೆಯನ್ನು ತೆಗೆಯಿಸಲಾಯಿತು. ಈ ಪಾಠದ ಸಾರವನ್ನು ಬಲ್ಲ ಮಗುವು ಮನೆಗೆ ಬಂದು ನೀರು ಕಾಯಿಸಿ ಕುಡಿಯೋಣವೆನ್ನುವದು. ಆದರೆ ನಮ್ಮಲ್ಲಿ ಕೆಲವರು ಭಾನುವಾರ ಕರ್ತನ ಹೆಸರನ್ನು ಹೇಳಿ, ಜ್ವರ ಬಂದ ರಾತ್ರಿಯಲ್ಲಿ ಗುಟ್ಟಾಗಿ ತಾಯಿತ ಕಟ್ಟಿಸುವರು; ಯಾರದೋ ಕಣ್ಣು ತಾಕಿತೆಂದು ನೆರೆಯ ಮುದುಕಿಯನ್ನು ದೂರುವರು. ಇಂಥ ಭಯವನ್ನು ಬಿಡಿಸುವದರಲ್ಲಿ ಶಾಲೆಯೂ ಸುವಾರ್ತೆಯೂ ಒಂದೇ ದಿಕ್ಕಿಗೆ ನಡೆಯುತ್ತವೆ. ನೀರನ್ನು ಉಂಟುಮಾಡಿದ ದೇವರೇ ಅದರ ನಿಯಮವನ್ನೂ ಇಟ್ಟನು. ಆ ನಿಯಮವನ್ನು ಅರಿಯುವದು ಆತನಿಗೆ ಅವಮಾನವಲ್ಲ.

ಸಮಾಜ ವಿಜ್ಞಾನಕ್ಕೆ ಬಂದರೆ, ದೂರದ ಅರಸುಗಳ ಕಥೆಯಿಂದ ನಮಗೇನು ಎಂದು ಕೇಳುವವರುಂಟು. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಒಂದು ಬಂಡೆಯ ಶಾಸನವು ಕಂಡುಬಂದಿತು. ಅದಕ್ಕಿಂತ ಮೊದಲು ದೊರೆತ ಅಂಥ ಶಾಸನಗಳಲ್ಲಿ ಅರಸನ ಬಿರುದುಗಳು ಮಾತ್ರ ಇದ್ದವು. ಮಸ್ಕಿಯ ಬಂಡೆಯಲ್ಲಿಯಾದರೋ ಅಶೋಕನೆಂಬ ಹೆಸರೇ ಸ್ಪಷ್ಟವಾಗಿ ದೊರೆಯಿತು. ಎರಡು ಸಾವಿರದ ಇನ್ನೂರು ವರುಷಗಳಿಗೂ ಹಿಂದೆ ಕೆತ್ತಿದ ಆ ಬರಹದ ತಾತ್ಪರ್ಯವೇನಂದರೆ, ಉನ್ನತವಾದ ಗತಿಯು ದೊಡ್ಡವರಿಗೆ ಮಾತ್ರ ಸೇರಿದ್ದೆಂದು ತಿಳಿಯಬಾರದು. ಅಲ್ಪನಾದವನೂ ಧರ್ಮದಲ್ಲಿ ನಡೆದರೆ ಅದನ್ನು ಹೊಂದಬಲ್ಲನು. ಹಾಗೆಯೇ 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ದೇಶದ ಸಂವಿಧಾನವು ತನ್ನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಇದನ್ನು ಓದಿದ ಮಗುವು ತಲೆಯೆತ್ತಿ ನಡೆಯಲು ಕಲಿಯುವದು. ಅದೇ ಮಗುವು ಸಭೆಗೆ ಬಂದು, "ಆ ಕೇರಿಯವರೊಂದಿಗೆ ನಾವು ಹೆಣ್ಣು ಕೊಡುವದಿಲ್ಲ, ತರುವದಿಲ್ಲ ಎಂದು ಹಿರಿಯರು ಹೇಳುವದೇಕೆ?" ಎಂದು ಕೇಳಿದರೆ ನಾವು ಏನು ಉತ್ತರ ಕೊಡುವೆವು? ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂದು ಬೋಧಿಸುವ ನಮ್ಮನ್ನು ಶಾಲೆಯ ಪುಸ್ತಕವೇ ನಾಚಿಸಬಾರದು.

ಭಾಷೆಯ ವಿಷಯದಲ್ಲಿ ನಮ್ಮ ಹಿರಿಯರು ಪಟ್ಟ ಕಷ್ಟವನ್ನು ನೆನಪು ಮಾಡಿಕೊಳ್ಳಬೇಕು. 1948ರ ತನಕ ಈ ಸೀಮೆಯು ನಿಜಾಮರ ಆಳಿಕೆಯಲ್ಲಿತ್ತು. ಮನೆಯಲ್ಲಿ ಕನ್ನಡ ಆಡುವ ಮಗುವು ಮೇಲಿನ ತರಗತಿಗಳ ವಿದ್ಯೆಯನ್ನು ಉರ್ದುವಿನಲ್ಲಿ ಕಲಿಯಬೇಕಾಗಿತ್ತು. 1956ರಲ್ಲಿ ಈ ಜಿಲ್ಲೆಯು ಕನ್ನಡ ನಾಡಿನೊಂದಿಗೆ ಕೂಡಿತು. ಈಗ ಮಗುವು ತಾಯಿಯ ನುಡಿಯಲ್ಲಿಯೇ ಕಾಗದಪತ್ರವನ್ನು ಓದಿ ತಿಳಿಯಬಹುದು. ಓದದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡವರ ದುಃಖವನ್ನು ನೀವೆಲ್ಲರೂ ಬಲ್ಲಿರಿ. ಪುಸ್ತಕದಲ್ಲಿ ಅನ್ಯಮತದವರ ಪದಗಳೂ ಕಥೆಗಳೂ ಇವೆ ಎಂದು ಕೆಲವರು ಅಂಜುತ್ತಾರೆ. ದಾನಿಯೇಲನೂ ಅವನ ಮೂವರು ಜೊತೆಗಾರರೂ ಬಾಬೆಲಿನ ಅರಮನೆಯಲ್ಲಿ ಕಸ್ದೀಯರ ಭಾಷೆಯನ್ನೂ ಗ್ರಂಥಗಳನ್ನೂ ಕಲಿತರು. ಅವರು ವಿದ್ಯೆಯನ್ನು ನಿರಾಕರಿಸಲಿಲ್ಲ, ವಿಗ್ರಹಕ್ಕೆ ಅಡ್ಡಬೀಳಲೂ ಇಲ್ಲ. ಮಾನ್ವಿಯ ಜಗನ್ನಾಥದಾಸರ ಹೆಸರನ್ನು ಅರಿತ ಮಗುವು ನೆರೆಯವನ ಮನಸ್ಸನ್ನು ಅರಿಯುವದು. ತನ್ನ ನಂಬಿಕೆಯನ್ನು ಅದು ಮನೆಯಲ್ಲಿ ಚೆನ್ನಾಗಿ ಕಲಿತಿದ್ದರೆ ಕಳಕೊಳ್ಳದು.

ಇಲ್ಲಿ ಒಂದು ಬಲವಾದ ಆಕ್ಷೇಪಣೆಯುಂಟು. ಓದಿದವರಲ್ಲವೇ ಸುಳ್ಳು ಲೆಕ್ಕ ಬರೆಯುವವರು? ಓದಿದವರಲ್ಲವೇ ಲಂಚ ಕೇಳುವವರು? ಜ್ಞಾನವು ಮನುಷ್ಯನನ್ನು ಉಬ್ಬಿಸುವದೆಂದು ಅಪೊಸ್ತಲನಾದ ಪೌಲನು ಕೊರಿಂಥದವರನ್ನು ಎಚ್ಚರಿಸಲಿಲ್ಲವೇ? ಇದು ಸತ್ಯವೇ. ದೀಪವು ಕುಣಿಯನ್ನು ತೋರಿಸುವದು. ಕಾಲನ್ನು ಹಿಡಿದು ನಿಲ್ಲಿಸದು. ಆದರೆ ದೀಪ ಹಿಡಿದವನೂ ಕುಣಿಯಲ್ಲಿ ಬಿದ್ದನೆಂದು ಯಾರಾದರೂ ದೀಪವನ್ನು ಆರಿಸುವರೋ? ಕಾಲನ್ನು ಸ್ಥಿರಪಡಿಸುವ ಕೆಲಸವು ಮನೆಗೂ ಸಭೆಗೂ ಸೇರಿದ್ದು. ಆ ಕೆಲಸವನ್ನು ನಾವು ಮಾಡದೆ ಶಾಲೆಯನ್ನು ದೂರುವದು ನ್ಯಾಯವಲ್ಲ.

ಮಾಡದಿರುವದಷ್ಟೇ ಅಲ್ಲ, ಕೆಲವು ಸಾರಿ ಶಾಲೆ ಕಲಿಸಿದ್ದನ್ನು ನಾವೇ ಅಳಿಸುತ್ತೇವೆ. ತಂದೆಯು ಏಳನೆಯ ತರಗತಿಯ ಮಗನನ್ನು ಕರೆದು, ಮೂರು ದಿನದ ಕೂಲಿಯನ್ನು ನಾಲ್ಕು ದಿನವೆಂದು ಬರೆ ಎಂದು ಹೇಳಿದನೆನ್ನೋಣ. ಆ ಗಳಿಗೆಯಲ್ಲಿ ಮಗನು ಕಲಿಯುವ ಪಾಠವೇನು? ಸತ್ಯವು ಪರೀಕ್ಷೆಯ ಕಾಗದಕ್ಕೆ ಮಾತ್ರ ಬೇಕು, ಬದುಕಿಗೆ ಬೇಡ ಎಂಬುದೇ. ಓದಿದ ಸುಳ್ಳುಗಾರನು ಹುಟ್ಟುವದು ಹೀಗೆಯೇ. ಅವನ ಮೊದಲನೆಯ ಗುರುವು ಮನೆಯಲ್ಲಿದ್ದನು.

ಇನ್ನು ಬಡತನದ ಮಾತು. ಹಸಿದ ಮನೆಗೆ ಮಗುವಿನ ಕೂಲಿ ಆಸರೆಯೆಂಬದನ್ನು ಅಲ್ಲಗಳೆಯಲಾರೆನು. ಆದರೆ ಒಂದು ಸುಗ್ಗಿಯ ಕೂಲಿಯು ಒಂದು ಸುಗ್ಗಿಗೆ ತೀರುವದು; ಬಿಟ್ಟುಹೋದ ತರಗತಿಯು ಜೀವಮಾನವೆಲ್ಲಾ ಕೊರತೆಯಾಗಿ ಉಳಿಯುವದು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ನೂರಕ್ಕೆ 75 ಜನ ಅಕ್ಷರಸ್ಥರಿದ್ದರೆ, ನಮ್ಮ ಜಿಲ್ಲೆಯಲ್ಲಿ ಸುಮಾರು 60 ಜನ ಮಾತ್ರ ಇದ್ದರು. 2002ರಲ್ಲಿ ಶಾಲೆಯ ಮಧ್ಯಾಹ್ನದ ಬಿಸಿಯೂಟವು ರಾಜ್ಯದಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಾನೂನಿನ ಮೇರೆಗೆ 6ರಿಂದ 14 ವರುಷದ ಮಕ್ಕಳಿಗೆ ವಿದ್ಯೆಯು ಹಕ್ಕಾಗಿದೆ. ಸರಕಾರವು ಬಾಗಿಲು ತೆರೆದಿರುವಾಗ ಒಳಗೆ ಕಳುಹಿಸುವದು ನಮ್ಮ ಪಾಲಿನ ಕೆಲಸ. ಗುಳೆ ಹೋಗುವ ಮನೆಯವರ ಮಕ್ಕಳನ್ನು ಊರಲ್ಲಿ ಉಳಿದವರು ಆ ಕೆಲವು ತಿಂಗಳು ತಮ್ಮ ಮಕ್ಕಳಂತೆ ಇಟ್ಟುಕೊಂಡರೆ ಒಬ್ಬರ ಭಾರವನ್ನು ಒಬ್ಬರು ಹೊತ್ತಂತಾಗುವದು. ಇದು ಹಾಡಿನಲ್ಲಿ ಹೇಳಿದರೆ ಸಾಲದು, ಊಟದ ತಟ್ಟೆಯಲ್ಲಿ ತೋರಿಸಬೇಕು.

ಹೆಣ್ಣುಮಕ್ಕಳನ್ನು ಮೊದಲು ಶಾಲೆ ಬಿಡಿಸುವ ಪದ್ಧತಿಯನ್ನು ವಿಶೇಷವಾಗಿ ವಿಚಾರಿಸಿರಿ. ಮರಿಯಳು ಕರ್ತನ ಪಾದದ ಬಳಿಯಲ್ಲಿ ಕೂತು ಕೇಳುತ್ತಿದ್ದಾಗ ಮನೆಗೆಲಸಕ್ಕೆ ಅವಳನ್ನು ಎಬ್ಬಿಸಬೇಕೆಂದು ಮಾರ್ಥಳು ಬೇಡಿಕೊಂಡಳು, ಕರ್ತನು ಎಬ್ಬಿಸಲಿಲ್ಲ. ಆತನು ತಾನೂ ಹನ್ನೆರಡು ವರುಷದವನಾಗಿದ್ದಾಗ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಅವರ ಮಾತು ಕೇಳುತ್ತಾ ಪ್ರಶ್ನೆ ಮಾಡುತ್ತಾ ಇದ್ದನೆಂದು ಲೂಕನು ತಿಳಿಸುತ್ತಾನೆ. ಹನ್ನೆರಡು ವರುಷವೆಂದರೆ ನಮ್ಮ ಏಳನೆಯ ತರಗತಿಯ ಮಗುವಿನ ಪ್ರಾಯ. ಕೇಳುವದಕ್ಕೂ ಪ್ರಶ್ನೆ ಮಾಡುವದಕ್ಕೂ ಕರ್ತನು ಉಪಯೋಗಿಸಿದ ಆ ವಯಸ್ಸನ್ನು ನಮ್ಮ ಮಕ್ಕಳಿಂದ ಕಸಕೊಳ್ಳದಿರೋಣ.

ಸತ್ಯದ ಒಡೆಯನು ಒಬ್ಬನೇ. ಶಾಲೆಯಲ್ಲಿ ಸರಿಯಾಗಿ ತೂಗುವದನ್ನು ಕಲಿತ ಮಗುವು ಮನೆಯಲ್ಲಿಯೂ ಸಭೆಯಲ್ಲಿಯೂ ಅದೇ ತೂಕವನ್ನು ಕಾಣುವಂತೆ ನಡೆದುಕೊಳ್ಳಲು ಆತನು ನಮಗೆಲ್ಲರಿಗೂ ಕೃಪೆಯನ್ನು ಅನುಗ್ರಹಿಸಲಿ.