ಕೀರ್ತಿಯಿಂದ ದಾಸೋಹಕ್ಕೆ

ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿ ಇರಿಸಿಕೊಂಡು ಎವೆಯಿಕ್ಕದೆ ನೋಡುವುದು ಶಿವಭಕ್ತನ ನಿತ್ಯಕ್ರಮವಾಗಿದೆ. ಕಿವಿಯು ಗುರುವಿನ ಮಂತ್ರವನ್ನು ಪಡೆಯುವುದು. ನಾಲಗೆಯು ಪ್ರಸಾದವನ್ನು ಪಡೆಯುವುದು. ಕಣ್ಣಾದರೋ ಲಿಂಗವನ್ನೇ ತನ್ನೊಳಗೆ ತುಂಬಿಕೊಳ್ಳುವುದು. ಆದುದರಿಂದ ವೀರಶೈವ ಸಾಧನೆಯಲ್ಲಿ ಕಣ್ಣಿಗಿರುವ ಸ್ಥಾನವು ಹಿರಿದಾದುದು. ಆದರೆ ಈ ಕಣ್ಣು ಯಾರದು? ನೋಡುವವನದೋ, ಅದನ್ನು ಕರುಣಿಸಿದ ಶಿವನದೋ? ಈ ಪ್ರಶ್ನೆಗೆ ಕಾಳಹಸ್ತಿಯ ಬೇಡನೊಬ್ಬನು ಕೊಟ್ಟ ಉತ್ತರವನ್ನು ಕನ್ನಡ ನಾಡು ಇಂದಿಗೂ ಮರೆತಿಲ್ಲ.

ಅರವತ್ತುಮೂವರು ಪುರಾತನರಲ್ಲಿ ಒಬ್ಬನಾದ ಕಣ್ಣಪ್ಪನ ಕಥೆಯನ್ನು ಹರಿಹರ ಮಹಾಕವಿಯು ರಗಳೆಯಾಗಿ ಹಾಡಿರುವನು. ಶಾಸ್ತ್ರವನ್ನರಿಯದ, ಮಡಿಯನ್ನರಿಯದ ಈ ಬೇಡನು ಲಿಂಗದ ಕಣ್ಣಿನಲ್ಲಿ ನೆತ್ತರು ಒಸರುವುದನ್ನು ಕಂಡು ತನ್ನ ಕಣ್ಣನ್ನೇ ಕಿತ್ತು ಅಲ್ಲಿಟ್ಟನು. ಎರಡನೆಯ ಕಣ್ಣಿನಲ್ಲಿಯೂ ನೆತ್ತರು ಬಂದಾಗ, ಕುರುಡನಾದ ಮೇಲೆ ಸ್ಥಳವು ತಿಳಿಯದೆಂದು ಪಾದವನ್ನು ಗುರುತಿಗಾಗಿ ಊರಿ, ಉಳಿದ ಕಣ್ಣಿಗೂ ಕೈಹಾಕಿದನು. ಆಗ ಶಿವನು ಅವನ ಕೈಯನ್ನು ಹಿಡಿದು ತಡೆದನು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಕಣ್ಣಪ್ಪನು ಕಣ್ಣನ್ನು ಕೊಡುವಾಗ ಅಲ್ಲಿ ನೋಡುವವರಾಗಲಿ, ಹೊಗಳುವವರಾಗಲಿ ಇದ್ದಾರೆಂಬ ಎಣಿಕೆ ಅವನಿಗಿರಲಿಲ್ಲ. ನೋವು ಕಂಡಿತು, ಕೈ ಮುಂದಾಯಿತು. ಇವೆರಡರ ನಡುವೆ ಕೀರ್ತಿಗೆ ಎಡೆಯೇ ಇರಲಿಲ್ಲ.

1954ರಲ್ಲಿ ಈ ಕಥೆಯು 'ಬೇಡರ ಕಣ್ಣಪ್ಪ' ಎಂಬ ಚಲನಚಿತ್ರವಾಗಿ ಬಂದಿತು. ಕಣ್ಣಪ್ಪನ ಪಾತ್ರವನ್ನು ವಹಿಸಿದವರು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದ, ಗಾಜನೂರಿನ ಮುತ್ತುರಾಜ್ ಎಂಬ ತರುಣರು. ನಾಯಕನಟರಾಗಿ ಅವರ ಮೊದಲ ಚಿತ್ರವಿದು. ಅಂದಿನಿಂದ ಅವರು ರಾಜ್‌ಕುಮಾರ್ ಎಂದು ಹೆಸರಾದರು. ಮುಂದೆ ಅರ್ಧ ಶತಮಾನದ ಕಾಲ ಕನ್ನಡಿಗರ ಮನೆಮನೆಯಲ್ಲಿ ಅವರ ಹೆಸರು ನೆಲೆಗೊಂಡಿತು. 1982ರಲ್ಲಿ ಗೋಕಾಕ್ ಚಳುವಳಿಗೆ ಅವರು ಧುಮುಕಿದಾಗ ಅದು ಜನಸಾಮಾನ್ಯರ ಚಳುವಳಿಯಾಯಿತು. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರ ಬ್ಯಾಂಕು ಪ್ರಾರಂಭವಾದಾಗ, ತಮ್ಮದಷ್ಟೇ ಅಲ್ಲದೆ ತಮ್ಮ ಮನೆಯವರೆಲ್ಲರ ಕಣ್ಣುಗಳನ್ನೂ ಕೊಡುವುದಾಗಿ ಅವರು ಮಾತು ಕೊಟ್ಟರು. 2006ರ ಏಪ್ರಿಲ್ 12ರಂದು ಅವರು ನಿಧನರಾದಾಗ ಆ ಮಾತು ನಡೆದುಹೋಯಿತು. ಬೆಳ್ಳಿತೆರೆಯ ಮೇಲೆ ಕಣ್ಣಪ್ಪನಾಗಿ ಕಾಣಿಸಿಕೊಂಡವರು ಐವತ್ತೆರಡು ವರುಷಗಳ ನಂತರ ನಿಜವಾಗಿಯೂ ಕಣ್ಣಿತ್ತು ಹೋದರು.

ಆ ದಿನಗಳಲ್ಲಿಯೇ, ಅದೇ ಬೆಂಗಳೂರಿನಲ್ಲಿ, ಕೀರ್ತಿಯ ಇನ್ನೊಂದು ಮುಖವೂ ಕಾಣಿಸಿತು. ಪ್ರೀತಿಯ ನಟನನ್ನು ಕಳೆದುಕೊಂಡ ದುಃಖವು ಗುಂಪಿನಲ್ಲಿ ಕೋಪವಾಗಿ ತಿರುಗಿತು. ವಾಹನಗಳು ಉರಿದವು, ಕಲ್ಲುಗಳು ಹಾರಿದವು, ಗೋಲೀಬಾರು ನಡೆಯಿತು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಅವರಲ್ಲಿ ಕರ್ತವ್ಯದಲ್ಲಿದ್ದ ಪೊಲೀಸಿನವರೊಬ್ಬರೂ ಇದ್ದರು. ಒಂದು ಕಡೆ ಅಗಲಿದವರ ಕಣ್ಣುಗಳು ಅಪರಿಚಿತರಿಗೆ ಬೆಳಕನ್ನು ಕೊಡಲು ಹೊರಟಿದ್ದವು. ಇನ್ನೊಂದು ಕಡೆ ಅವರ ಹೆಸರನ್ನೇ ಕೂಗುತ್ತಿದ್ದ ಕೆಲವರು ಬಡವರ ಮನೆಯ ದೀಪಗಳನ್ನು ಆರಿಸುತ್ತಿದ್ದರು. ಇಬ್ಬರೂ ಹಿಡಿದಿದ್ದುದು ಒಂದೇ ಹೆಸರನ್ನು. ಒಬ್ಬರಿಗೆ ಅದು ದಾರಿಯಾಯಿತು, ಮತ್ತೊಬ್ಬರಿಗೆ ಅಮಲಾಯಿತು.

ಕೀರ್ತಿಯ ಈ ಅಪಾಯವನ್ನು ಶರಣರು ಚೆನ್ನಾಗಿ ಬಲ್ಲವರಾಗಿದ್ದರು. ಬಿಜ್ಜಳನ ಭಂಡಾರಿಯಾಗಿ, ಕಲ್ಯಾಣದ ಕಣ್ಮಣಿಯಾಗಿ ಮೆರೆದ ಬಸವಣ್ಣನವರಿಗಿಂತ ಹೆಚ್ಚಿನ ಹೊಗಳಿಕೆಯನ್ನು ಕೇಳಿದವರು ಅಂದು ಯಾರಿದ್ದರು? ಆದರೂ ಅವರು ತಮ್ಮವರ ಪ್ರಶಂಸೆಯನ್ನು ಚಿನ್ನದ ಶೂಲಕ್ಕೆ ಹೋಲಿಸಿ ವಚನವೊಂದನ್ನು ರಚಿಸಿದರು. ಶೂಲವು ಚಿನ್ನದ್ದಾದರೇನು, ಕಬ್ಬಿಣದ್ದಾದರೇನು? ಏರಿದವನಿಗೆ ಸಾವು ತಪ್ಪಿದ್ದಲ್ಲ. ಹೊಗಳಿಸಿಕೊಳ್ಳುವವನು ಅಹಂಕಾರದಿಂದ ಕೆಡುವನು. ಹೊಗಳುವವನು ತನ್ನ ಪಾಲಿನ ಕರ್ತವ್ಯವನ್ನು ಹೊಗಳಿಕೆಯಲ್ಲಿಯೇ ಮುಗಿಸಿಕೊಂಡು ಕೆಡುವನು. ಈ ಎರಡನೆಯ ಕೇಡು ಇಂದು ಮನೆಮನೆಯನ್ನು ಹೊಕ್ಕಿದೆ. ನೆಚ್ಚಿನ ನಟನ ಆಳೆತ್ತರದ ಚಿತ್ರಕ್ಕೆ ಬಿಂದಿಗೆಗಟ್ಟಲೆ ಹಾಲನ್ನು ಸುರಿಯುವ ತರುಣನು, ನೆರೆಮನೆಯ ಮಗುವಿಗೆ ಹಾಲಿದೆಯೋ ಇಲ್ಲವೋ ಎಂಬುದನ್ನು ವಿಚಾರಿಸುವುದಿಲ್ಲ. ಕಲ್ಲಿಗೆ ಹಾಲೆರೆದು ಜೀವವನ್ನು ಮರೆಯುವ ಅಸಂಗತತೆಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ಎತ್ತಿ ತೋರಿಸಿದ್ದಾರೆ. ಆಸ್ಪತ್ರೆಯಲ್ಲಿ ನಾಲ್ಕು ಬಾಳೆಹಣ್ಣು ಹಂಚುವಾಗ ಮೊಬೈಲಿನಲ್ಲಿ ನಲವತ್ತು ಚಿತ್ರ ತೆಗೆಸಿಕೊಳ್ಳುವ ಗೃಹಸ್ಥನಾದರೂ ಈ ತರುಣನಿಗಿಂತ ಬಹು ದೂರವೇನಿಲ್ಲ. ಹೆಸರಾಂತವರನ್ನು ದೂರುವುದು ಸುಲಭ. ತನ್ನ ಓಣಿಯಲ್ಲಿ ತಾನೂ ಹೆಸರಾಂತನಾಗಬೇಕೆಂಬ ಆಸೆಯನ್ನು ಗೆಲ್ಲುವುದೇ ಕಷ್ಟ.

ಹಾಗಾದರೆ ಕೀರ್ತಿಯು ಸರ್ವಥಾ ತ್ಯಾಜ್ಯವೇ? ಅಲ್ಲ. ಶರಣರ ತತ್ತ್ವದಲ್ಲಿ ಸ್ಥಾವರ, ಜಂಗಮ ಎಂಬ ವಿವೇಚನೆಯುಂಟು. ನಿಂತಲ್ಲೇ ನಿಲ್ಲುವುದು ಸ್ಥಾವರ, ನಡೆಯುವುದು ಜಂಗಮ. ಹೆಸರಾಂತವನ ಮೂರ್ತಿ, ಭಾವಚಿತ್ರ, ಜಯಘೋಷಗಳು ಸ್ಥಾವರ. ಮಳೆಗೆ ನೆನೆದು ಬಿಸಿಲಿಗೆ ಮಾಸುವಂಥವು. ಅವನು ಮಾಡಿದ ಒಳ್ಳೆಯ ಕೆಲಸವು ಅವನನ್ನು ಬಿಟ್ಟು ಹೊರಟು, ಹೆಸರಿಲ್ಲದವರ ಮನೆಯ ಹೊಸ್ತಿಲನ್ನು ದಾಟಿ, ಅಲ್ಲಿ ಮತ್ತೊಮ್ಮೆ ನಡೆದರೆ ಅದು ಜಂಗಮವಾಗುವುದು.

ಇದಕ್ಕೆ ನಿದರ್ಶನವು ದೂರದಲ್ಲಿಲ್ಲ. 2021ರ ಅಕ್ಟೋಬರ್ 29ರಂದು ರಾಜ್‌ಕುಮಾರರ ಕಿರಿಯ ಮಗ ಪುನೀತ್ ರಾಜ್‌ಕುಮಾರ್ ಅವರು ನಲವತ್ತಾರನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು. ಬರಸಿಡಿಲಿನಂಥ ಆ ಗಳಿಗೆಯಲ್ಲಿಯೂ ಮನೆಯವರು ತಂದೆಯ ಮಾತನ್ನು ಮರೆಯಲಿಲ್ಲ. ಪುನೀತರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಎರಡು ಕಣ್ಣು ನಾಲ್ವರಿಗೆ ಹೇಗೆ? ನೇತ್ರದಾನದಲ್ಲಿ ಇಡೀ ಕಣ್ಣುಗುಡ್ಡೆಯನ್ನು ಇನ್ನೊಬ್ಬರಿಗೆ ಕೂಡಿಸುವುದಿಲ್ಲ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ಕಾರ್ನಿಯಾ ಎಂಬ ಪಾರದರ್ಶಕ ಪಟಲವನ್ನು ಮಾತ್ರ ಕಸಿ ಮಾಡುವರು. ಆ ತೆಳುವಾದ ಪಟಲವನ್ನೇ ವೈದ್ಯರು ಎರಡು ಪದರಗಳಾಗಿ ಬಿಡಿಸಿ, ಮುಂದಿನ ಪದರ ಕೆಟ್ಟವರಿಗೆ ಮುಂದಿನದನ್ನೂ, ಹಿಂದಿನ ಪದರ ಕೆಟ್ಟವರಿಗೆ ಹಿಂದಿನದನ್ನೂ ಜೋಡಿಸಿದರು. ಆ ದಿನಗಳಲ್ಲಿ ನಾಡಿನ ನೇತ್ರ ಬ್ಯಾಂಕುಗಳಿಗೆ ಹೆಸರು ಬರೆಸಲು ಬಂದವರ ಸಂಖ್ಯೆಯು ಬಹುವಾಗಿ ಏರಿತು. ಒಬ್ಬರ ಕೀರ್ತಿಯು ಸಾವಿರಾರು ಜನರನ್ನು ಒಳ್ಳೆಯ ಕೆಲಸದ ಬಾಗಿಲಿಗೆ ತಂದು ನಿಲ್ಲಿಸಿತು. ಕೀರ್ತಿಯಿಂದಾಗುವ ಉಪಕಾರವು ಇಷ್ಟೇ: ಬಾಗಿಲಿನವರೆಗೆ ಕರೆತರುವುದು. ಒಳಗೆ ಕಾಲಿಡಬೇಕಾದವರು ಗೃಹಸ್ಥರು.

ಏಕೆಂದರೆ ಪ್ರತಿಜ್ಞಾಪತ್ರವು ದಾನವಲ್ಲ. ಪತ್ರಕ್ಕೆ ಸಹಿ ಹಾಕಿದವನು ಅದನ್ನು ಪೆಟ್ಟಿಗೆಯ ತಳದಲ್ಲಿಟ್ಟು, ಮಡದಿ ಮಕ್ಕಳಿಗೆ ತಿಳಿಸದೆ ತೀರಿಕೊಂಡರೆ ಆ ಸಹಿಯಿಂದ ಯಾರ ಕಣ್ಣೂ ತೆರೆಯದು. ಉಸಿರು ನಿಂತ ಆರು ಗಂಟೆಗಳೊಳಗಾಗಿ ಕಣ್ಣನ್ನು ಪಡೆಯಬೇಕಾಗುವುದು. ಆ ಹೊತ್ತಿನಲ್ಲಿ ಮನೆಯಲ್ಲಿ ಅಳುವಿರುವುದು, ನೆಂಟರಿಗೆ ಸುದ್ದಿ ಮುಟ್ಟಿಸುವ ಗಡಿಬಿಡಿಯಿರುವುದು. ಅದರ ನಡುವೆ ಯಾರಾದರೊಬ್ಬರು ಎದೆಗಟ್ಟಿ ಮಾಡಿಕೊಂಡು ನೇತ್ರ ಬ್ಯಾಂಕಿಗೆ ಕರೆ ಮಾಡಬೇಕು, ಅಗಲಿದವರ ರೆಪ್ಪೆಗಳನ್ನು ಮುಚ್ಚಿ ಒದ್ದೆಯ ಹತ್ತಿಯನ್ನು ಇಡಬೇಕು, ತಲೆಯ ಕೆಳಗೆ ದಿಂಬನ್ನಿರಿಸಬೇಕು, ಪಂಖವನ್ನು ನಿಲ್ಲಿಸಬೇಕು. ಬಂದವರ ಕೆಲಸವು ಅರ್ಧ ಗಂಟೆಯೊಳಗೆ ಮುಗಿಯುವುದು. ಮೃತರು ಪತ್ರವನ್ನೇ ಬರೆದಿರದಿದ್ದರೂ, ಅವರು ಬೇಡವೆಂದು ಹೇಳಿರದಿದ್ದರೆ, ಮನೆಯವರ ಒಪ್ಪಿಗೆಯಿಂದ ದಾನವು ನಡೆಯಬಹುದು. ಮುಪ್ಪು ಅಡ್ಡಿಯಲ್ಲ; ಕನ್ನಡಕವಿದ್ದರೂ, ಪೊರೆಯ ಶಸ್ತ್ರಚಿಕಿತ್ಸೆಯಾಗಿದ್ದರೂ, ಸಿಹಿಮೂತ್ರ ರೋಗವಿದ್ದರೂ ಅಡ್ಡಿಯಿಲ್ಲ. ಏಡ್ಸ್, ಹೆಪಟೈಟಿಸ್, ಹುಚ್ಚುನಾಯಿ ಕಡಿತದ ರೋಗ ಮೊದಲಾದ ಕೆಲವು ಸೋಂಕುಗಳಿದ್ದಲ್ಲಿ ಕಣ್ಣನ್ನು ಸ್ವೀಕರಿಸುವುದಿಲ್ಲ. ಈ ಕೆಲಸಕ್ಕೆ ಕ್ಯಾಮರಾ ಬೇಡ, ಜಯಘೋಷ ಬೇಡ. ಮನೆಯ ಹಿರಿಯ ಸೊಸೆಯೋ ಕಿರಿಯ ಮಗನೋ ಕಣ್ಣೊರೆಸಿಕೊಂಡು ಮಾಡುವ ಒಂದು ದೂರವಾಣಿ ಕರೆ ಸಾಕು.

ಇಲ್ಲಿ ಭಕ್ತರ ಮನಸ್ಸಿನಲ್ಲಿ ಸಂದೇಹವೊಂದು ಏಳುವುದು ಸಹಜವೇ ಆಗಿದೆ. ಲಿಂಗಾಯತರಲ್ಲಿ ದೇಹವನ್ನು ಸುಡುವುದಿಲ್ಲ. ವಿಮಾನದಲ್ಲಿ ಕುಳ್ಳಿರಿಸಿ, ಕರದಲ್ಲಿ ಇಷ್ಟಲಿಂಗವನ್ನಿರಿಸಿ, ಸಮಾಧಿಕ್ರಿಯೆಯನ್ನು ನಡೆಸುವರು. ಲಿಂಗವನ್ನು ಧರಿಸಿದ ದೇಹವು ಲಿಂಗದೇಹ. ಅದನ್ನು ಪೂರ್ಣವಾಗಿಯೇ ಒಪ್ಪಿಸಬೇಕಲ್ಲವೇ, ಕಣ್ಣು ತೆಗೆದ ದೇಹಕ್ಕೆ ಕ್ರಿಯೆಯು ಸಲ್ಲುವುದೇ ಎಂದು ಹಿರಿಯರು ಕೇಳುವರು. ಈ ಕೇಳ್ವಿಯನ್ನು ಹಗುರಾಗಿ ತಳ್ಳಿಹಾಕಬಾರದು. ಮೊದಲನೆಯದಾಗಿ, ಮುಖವು ವಿಕಾರವಾಗುವುದಿಲ್ಲ. ರೆಪ್ಪೆಗಳು ಮುಚ್ಚಿಯೇ ಇರುವುವು. ಕಡೆಯ ದರ್ಶನಕ್ಕೆ ಬಂದವರಿಗೆ ಅಂತರವು ತಿಳಿಯದು. ಎರಡನೆಯದಾಗಿ, ಶರಣರು ಪಂಚಸೂತಕಗಳನ್ನು ಅಲ್ಲಗಳೆದವರು; ಅವರ ಮಾರ್ಗದಲ್ಲಿ ಪ್ರೇತಸೂತಕವಿಲ್ಲ. ವೈದ್ಯರ ಕೈ ತಾಗಿದ ಮಾತ್ರಕ್ಕೆ ಲಿಂಗವಂತನ ಕಾಯಕ್ಕೆ ಮೈಲಿಗೆ ಎಲ್ಲಿಂದ ಬರುವುದು? ಮೂರನೆಯದೇ ಮುಖ್ಯವಾದುದು. ಭಕ್ತನ ಕಾಯವು ಪ್ರಸಾದಕಾಯ. ಲಿಂಗಕ್ಕೆ ಅರ್ಪಿತವಾಗಿ ಹಿಂದಿರುಗಿದುದೆಲ್ಲ ಪ್ರಸಾದ. ಪ್ರಸಾದದ ನಿಯಮವೇನು? ತಟ್ಟೆಯಲ್ಲಿ ಒಂದಗುಳನ್ನೂ ಬಿಡಬಾರದು; ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಹಿರಿಯರು ಇಂದಿಗೂ ಇದ್ದಾರೆ. ಒಂದಗುಳು ಮಣ್ಣುಪಾಲಾದರೆ ಮರುಗುವ ಭಕ್ತನು, ಜೀವನವಿಡೀ ಲಿಂಗವನ್ನು ನೋಡಿ ಪ್ರಸಾದವಾದ ಎರಡು ಕಣ್ಣುಗಳು, ಕುರುಡರು ಕಾದಿರುವಾಗಲೂ ಮಣ್ಣುಪಾಲಾಗುವುದನ್ನು ಹೇಗೆ ಸಹಿಸುವನು? ಲಿಂಗದೇಹವನ್ನು ಪೂರ್ಣವಾಗಿ ಒಪ್ಪಿಸುವುದೆಂದರೆ ಅದರಲ್ಲಿ ಪ್ರಯೋಜನವಿದ್ದುದನ್ನು ಪೂರ್ಣವಾಗಿ ಸಲ್ಲಿಸುವುದು ಎಂದಲ್ಲವೇ?

ಆಯ್ದಕ್ಕಿ ಲಕ್ಕಮ್ಮನ ನಡೆಯು ಇಲ್ಲಿ ದಾರಿ ತೋರುವುದು. ಪತಿಯಾದ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ತಮಗೆ ಬೇಕಾದುದಕ್ಕಿಂತ ಮಿಗಿಲಾದುದು ತಮ್ಮದಲ್ಲವೆಂದು ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿಸಿದಳು. ಉಸಿರು ನಿಂತ ಮೇಲೆ ಕಣ್ಣು ಆ ಮಿಗಿಲಾದ ಅಕ್ಕಿ. ಅದನ್ನು ಹಿಂದಕ್ಕೆ ಸುರಿಯತಕ್ಕ ಅಂಗಳವು ಲೋಕದ ಅಂಗಳ. ಲಕ್ಕಮ್ಮನು ಕೀರ್ತಿಯನ್ನು ಬಯಸಿದವಳಲ್ಲ. ಅಂದಿನ ಅಡುಗೆಯ ಅಳತೆಯನ್ನಷ್ಟೇ ನೋಡಿದವಳು. ಆದರೂ ಎಂಟುನೂರು ವರುಷಗಳಾಚೆಯೂ ಅವಳ ಹೆಸರು ಮಾಸಿಲ್ಲ.

ಕೊಡುವೆನೆಂಬ ಅಹಂಭಾವವಿದ್ದರೆ ಅದು ದಾನ. ಸಲ್ಲಿಸುವೆನೆಂಬ ಭಾವವಿದ್ದರೆ ಅದು ದಾಸೋಹ. ನೇತ್ರದಾನವೆಂದು ಲೋಕವು ಕರೆಯುವ ಈ ಕಾರ್ಯವು ತನ್ನ ಸ್ವಭಾವದಿಂದಲೇ ದಾಸೋಹವಾಗಿದೆ. ಕೊಟ್ಟವನು ಪ್ರತಿಫಲವನ್ನು ಬೇಡಲು ಇಲ್ಲಿ ಉಳಿದಿರುವುದಿಲ್ಲ. ಪಡೆದವರು ಯಾರೆಂಬುದನ್ನು ನೇತ್ರ ಬ್ಯಾಂಕಿನವರು ಕೊಟ್ಟ ಮನೆಯವರಿಗೆ ತಿಳಿಸುವುದಿಲ್ಲ. ಸಾಮಾನ್ಯವಾಗಿ ರಕ್ತದ ಗುಂಪನ್ನು ಸಹ ಹೊಂದಿಸಬೇಕಾಗಿಲ್ಲ. ಹೀಗಿರಲು ಕುಲವನ್ನು ಕೇಳುವವರಾರು? ಸುಗ್ಗಿಯಲ್ಲಿ ಭತ್ತದ ಹೊಟ್ಟು ಸಿಡಿದು ಇಲ್ಲವೆ ಕಬ್ಬಿನ ಗರಿ ತಾಗಿ, ಹುಣ್ಣಾಗಿ, ಕಣ್ಣಿನ ಗಾಜು ಬೆಳ್ಳಗಾದ ಕೂಲಿಯವನೊಬ್ಬನು ಎಲ್ಲಿಯೋ ಕಾದಿರುವನು. ಅವನು ಯಾರವನೆಂದು ಕೇಳದೆ ನಮ್ಮವನೆಂದೇ ಎಣಿಸಬೇಕೆಂಬ ಶರಣರ ಉಪದೇಶವು ಆತನ ಕಣ್ಣಿನಲ್ಲಿ ಬೆಳಕಾಗಿ ಮೂಡುವುದು.

ಆದುದರಿಂದ ಭಕ್ತರ ಮನೆಗಳಲ್ಲಿ ಈ ಮಾತು ಸಾವಿನ ಗಳಿಗೆಗಾಗಿ ಕಾಯದೆ, ಎಲ್ಲರೂ ಕೂಡಿ ಪ್ರಸಾದ ಸ್ವೀಕರಿಸುವ ಹೊತ್ತಿನಲ್ಲಿಯೇ ಆಗಿಹೋಗಲಿ. ಅಜ್ಜನು ತನ್ನ ಮನಸ್ಸನ್ನು ತಾನೇ ತಿಳಿಸಲಿ, ಮಕ್ಕಳು ಕೇಳಿಸಿಕೊಳ್ಳಲಿ, ಹತ್ತಿರದ ನೇತ್ರ ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಪಂಚಾಂಗ ತೂಗುಹಾಕುವ ಗೋಡೆಯ ಮೇಲೆ ಬರೆದಿಡಲಿ. ನಟನನ್ನು ಮೆಚ್ಚುವ ತರುಣನನ್ನು ಹಿರಿಯರು ಗದರದೆ, ಆ ನಟನ ಮನೆಯವರು ಅಳುವಿನ ನಡುವೆ ಮಾಡಿದ ಕೆಲಸವನ್ನು ಅವನಿಗೆ ನೆನಪಿಸಲಿ. ಮೆಚ್ಚುಗೆಯು ಅಲ್ಲಿಂದ ಮುಂದಕ್ಕೆ ನಡೆಯಲಿ. ಕೀರ್ತಿಯು ಕೆಲವರಿಗೆ ಮಾತ್ರ ಲಭಿಸುವುದು. ದಾಸೋಹದ ಭಾಗ್ಯವು ಕಣ್ಣುಳ್ಳ ಪ್ರತಿಯೊಬ್ಬರಿಗೂ ಉಂಟು. ಜೀವವಿರುವ ತನಕ ಕಣ್ಣು ಲಿಂಗವನ್ನು ನೋಡಲಿ. ಜೀವವು ಲಿಂಗದಲ್ಲಿ ಬೆರೆತ ಮೇಲೆ ಕಣ್ಣು ಇನ್ನೊಬ್ಬರ ಅಂಗೈಯನ್ನು ಅವರಿಗೆ ತೋರಿಸಲಿ.